ಗುಡಿಸುವವರನ್ನು ಕರೆದುಕೊಂಡು ಬನ್ನಿ

ಕುಂದಾಪುರದ ಮೇಸ್ತ್ರಿಯ ಅಂಗಡಿಗೆ ಹೋದ ಮೊದಲ ದಿನವೇ ಕಂಪ್ಯೂಟರ್ ಹಿಡಿದುಕೊಂಡು ವಾಪಸು ಬಂದವರನ್ನು ನಾನು ಕಂಡಿಲ್ಲ. ದುಡ್ಡು ಮುಂದಿಟ್ಟರೂ ಕೊಡುತ್ತಿರಲಿಲ್ಲ. ಯಾವ ಆಟ ಆಡಬೇಕು, ಎಷ್ಟು ವೇಗ ಬೇಕು, ಆಟದ ಚಿತ್ರ ಮೂಡಿಸುವ ಕಾರ್ಡ್ ಯಾವುದು ಬೇಕು ಎಂದು ಗಿರಾಕಿ ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಒದರಿ ಮುಗಿಸುವವರೆಗೆ ಸುಮ್ಮನಿರುತ್ತಿದ್ದರು. ಆಮೇಲೆ ತುಟಿಯಲ್ಲಿ ಕಚ್ಚಿಕೊಂಡ ಸ್ಕ್ರೂಗಳನ್ನು ಅಂಗೈಗೆ ಉಗಿದು ಮೂರು ಪ್ರಶ್ನೆ ಕೇಳುತ್ತಿದ್ದರು.

"ಮನೆಯಿಂದ ಸಮುದ್ರ ಎಷ್ಟ್ ದೂರ? ಮಳ್ಗಾಲ್ದಗೆ ಕರೆಂಟ್ ದಿನಕ್ಕೆ ಎಷ್ಟ್ ಸಲ ಹೋತ್ತ್? ಕಂಪ್ಯೂಟರ್ ಇಡು ಕೋಣಿ ಗುಡ್ಸುದ್ ಯಾರ್?"

ಮೊದಲ ಎರಡಕ್ಕೆ ಜನ ಉತ್ತರ ಕೊಡುತ್ತಿದ್ದರು. ಮೂರನೆಯದಕ್ಕೆ ನಗುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ. "ಗುಡ್ಸುವರನ್ನ ಕರ್ಕಂಡ್ ಬನಿ. ಅವ್ರ್ ಕಂಡ್ ಹೇಳ್ದ್ ಮೇಲೆ ಕೊಡ್ತೆ" ಎಂದು ಮತ್ತೆ ಸ್ಕ್ರೂಗಳನ್ನು ಬಾಯಿಗೆ ಹಾಕಿಕೊಂಡರೆ ಆ ದಿನದ ವ್ಯಾಪಾರ ಮುಗಿದ ಹಾಗೆ.

ನಾನು ಹಾಗೆ ಕರೆಸಿಕೊಂಡವಳು. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅಂಗಡಿಯ ಬೋರ್ಡಿನಲ್ಲೇ ತಮ್ಮ ಹೆಸರು ಹಾಕಿಸದ ಮನುಷ್ಯ. ಈಗ ನಾನು ಹಾಕಿದರೆ ಅದು ಅವರಿಗೆ ಹಿಡಿಸುವ ಕೆಲಸವಲ್ಲ. ಬಂದರಿನವರೆಲ್ಲ ಕರೆಯುತ್ತಿದ್ದಂತೆ ಮೇಸ್ತ್ರಿ ಎಂದೇ ಕರೆಯುತ್ತೇನೆ.

ಮೇಸ್ತ್ರಿ ಎಂಬ ಹೆಸರು ಬಂದದ್ದು ಗಂಗೊಳ್ಳಿಯ ಬಂದರಿನಿಂದ. ಅಲ್ಲಿ ಅವರು ಬೋಟುಗಳ ವೈರ್‌ಲೆಸ್ಸು, ಮೀನಿನ ಹಿಂಡು ಎಲ್ಲಿದೆಯೆಂದು ತೋರಿಸುವ ಯಂತ್ರ, ಇವನ್ನೆಲ್ಲ ರಿಪೇರಿ ಮಾಡುತ್ತಿದ್ದರು. ಆಮೇಲೆ ಬಂದ ಯಂತ್ರಗಳು ಎಂಥವೆಂದರೆ, ಹಾಳಾದರೆ ಇಡೀ ಡಬ್ಬಿಯನ್ನೇ ಬಿಸಾಡಿ ಬೇರೆ ಕೂರಿಸಬೇಕು. ಬಿಚ್ಚಲು ಬಾರದ ವಸ್ತುವಿನ ಜೊತೆ ತನಗೇನು ಕೆಲಸ ಎಂದು ಅವರು ಬಂದರು ಬಿಟ್ಟು ಕುಂದಾಪುರ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟರು. ಆದರೆ ಕಣ್ಣು ಬೋಟಿನದ್ದೇ ಉಳಿಯಿತು. ದಡ ಕಾಣದ ಕಡೆ ಏನಾದರೂ ಕೆಟ್ಟರೆ ಬೋಟಿನಲ್ಲಿ ಇದ್ದದ್ದರಲ್ಲೇ ಸರಿಮಾಡಿಕೊಂಡು ಬರಬೇಕು. ಕಂಪ್ಯೂಟರನ್ನೂ ಅವರು ಹಾಗೆಯೇ ನೋಡುತ್ತಿದ್ದರು: ಇದು ಕೆಟ್ಟರೆ ನಾವುಂದದಲ್ಲೋ ಬೈಂದೂರಿನಲ್ಲೋ ಇರುವ ಮನುಷ್ಯನಿಗೆ ದಡ ಸೇರಲು ಆಗುತ್ತದೆಯೇ?

ನಮ್ಮ ಮನೆ ನಾವುಂದದಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ನಾನು ಪಂಚಾಯತಿಯ ಗ್ರಂಥಾಲಯ ನೋಡಿಕೊಳ್ಳುವವಳು. ನನ್ನ ತಮ್ಮ ಬೋಟಿಗೆ ಹೋಗುತ್ತಿದ್ದ. ನಾಲ್ಕು ವರ್ಷದ ಹಿಂದೆ ತೆರೆ ಬೋಟನ್ನು ಎತ್ತಿ ಹಾಕಿದಾಗ ಮೀನು ತುಂಬುವ ಗುಂಡಿಗೆ ಬೆನ್ನು ಕೆಳಗಾಗಿ ಬಿದ್ದ. ಜೀವ ಉಳಿಯಿತು, ಕಾಲಿನ ಬಲ ಉಳಿಯಲಿಲ್ಲ. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಬಂದವನು ಮನೆಯೊಳಗೆ ಹೊಕ್ಕ ಮೇಲೆ ಜಗಲಿ ದಾಟಲಿಲ್ಲ. ಜೊತೆಯ ಬೋಟಿನವರು ನೋಡಲು ಬಂದರೆ ಮಲಗಿದ್ದೇನೆಂದು ಹೇಳಿಸುತ್ತಿದ್ದ. ಡಾಕ್ಟರ ಬಳಿ ಹೋಗೋಣವೆಂದರೆ ಗೋಡೆಯ ಕಡೆ ತಿರುಗುತ್ತಿದ್ದ. ಮೊಬೈಲಿನಲ್ಲಿ ಆಟ ಆಡುವಾಗ ಮಾತ್ರ ಅವನ ದನಿ ಕೇಳುತ್ತಿತ್ತು. ಗೋವಾದವರೋ ಅಸ್ಸಾಮಿನವರೋ, ಅವನ ಕಾಲು ಕಾಣದವರ ಜೊತೆ ಜಗಳ, ನಗು, ಕೇಕೆ. ಮೊಬೈಲು ಬಿಸಿಯಾಗಿ ಆರಿಹೋದರೆ ಮನೆ ಮತ್ತೆ ತಣ್ಣಗಾಗುತ್ತಿತ್ತು.

ಅಂಥವನು ಒಂದು ದಿನ ತಾನಾಗಿ ಬಾಯಿಬಿಟ್ಟು ಗೇಮಿಂಗ್ ಕಂಪ್ಯೂಟರ್ ಬೇಕೆಂದ. ನಮ್ಮ ಕೈಗೆ ಅದು ಒಂದೇ ಸಲ ನಿಲುಕುವ ವಸ್ತು. ಅವನು ಆರಿಸಿದ್ದು ಕಂಪೆನಿಯೇ ಜೋಡಿಸಿ ಕಳಿಸುವ ಒಂದನ್ನು: ಮುಂದೆ ಗಾಜು, ಪಕ್ಕ ಗಾಜು, ಒಳಗೆ ಬಣ್ಣದ ದೀಪ. ತರಿಸಿಕೊಡುತ್ತೀರಾ ಎಂದು ಮೇಸ್ತ್ರಿಗೆ ಫೋನು ಮಾಡಿದ. ಅವರು ಎರಡು ಮಾತು ಹೇಳಿದರಂತೆ. "ಗುಡ್ಸುವರನ್ನ ಕಳ್ಸು. ನೀನೂ ಬಾ." ಎರಡನೆಯದನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ. ಮೊದಲನೆಯದಕ್ಕೆ ನಾನು ಸಿಕ್ಕಿದೆ.

ರಜೆ ಹಾಕಿ, ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಅಂಗಡಿ ಮಹಡಿಯ ಮೇಲೆ. ಮೆಟ್ಟಿಲು ಹತ್ತಿದವಳೇ, "ಕಂಪ್ಯೂಟರಿನ ವಿಷಯ ನಂಗೆ ಎಂತದೂ ಗೊತ್ತಿಲ್ಲ. ನನ್ನನ್ನ ಎಂತಕೆ ಕರೆಸಿದ್ರಿ?" ಎಂದೆ.

"ಗೊತ್ತಿಲ್ಲ ಅಂದ್ರೆ ಒಳ್ಳೇದೇ ಆಯ್ತ್. ಕೂಕಣಿ" ಎಂದರು. ಸಣಕಲು ಮೈ, ದಪ್ಪ ಕನ್ನಡಕ, ಬನಿಯನ್ನಿನ ಮೇಲೆ ಗುಂಡಿ ಹಾಕದ ಅಂಗಿ. ಅಪ್ಪನ ಹೆಸರು ಕೇಳಿದರು. ಹೇಳಿದೆ. ಅಪ್ಪನ ಬೋಟಿನ ವೈರ್‌ಲೆಸ್ಸು ಯಾವ ಬಣ್ಣದ್ದಾಗಿತ್ತು ಎಂಬುದು ಅವರಿಗೆ ನೆನಪಿತ್ತು. ಅಲ್ಲಿಂದ 'ನೀವು' ಹೋಗಿ 'ತಂಗಿ' ಆಯಿತು.

ತಮ್ಮ ಆರಿಸಿದಂಥದ್ದೇ ಒಂದು ಗಾಜಿನ ಪೆಟ್ಟಿಗೆ ಯಾರದ್ದೋ ರಿಪೇರಿಗೆ ಬಂದು ಮೇಜಿನ ಮೇಲಿತ್ತು. ಅದರ ಹೊಟ್ಟೆ ತೆರೆದು ತೋರಿಸಿದರು. ಮುಂದೆ ಗಾಜಾದ್ದರಿಂದ ಗಾಳಿ ಒಳಗೆ ಹೋಗಲು ಇದ್ದದ್ದು ಬೆರಳಗಲದ ಸಂದು. ಕರೆಂಟ್ ಹಂಚುವ ಪೆಟ್ಟಿಗೆ, ಅವರು ಪವರ್ ಸಪ್ಲೈ ಎನ್ನುತ್ತಿದ್ದರು, ಆ ಕಂಪೆನಿಯದ್ದೇ ಬೇರೆ ಆಕಾರ.

"ನಮ್ಮ್ ಬದಿಯ ಕರೆಂಟಿಗೆ ಮೊದ್ಲ್ ಸಾಯುದ್ ಇದೇ. ಸತ್ರೆ ಅದೇ ಕಂಪೆನಿದೇ ಬರ್ಕ್. ಬೇರೆ ಯಾರ್ದನ್ನ ತಂದ್ರೂ ಇಲ್ಲಿ ಕೂಕಂತಿಲ್ಲ. ಇದ್ ಎರಡ್ ತಿಂಗ್ಳಿಂದ ಹೀಂಗೇ ಬಿದ್ಕಂಡಿತ್ತ್."

"ದೀಪ ಚಂದ ಇತ್ತಲ್ಲ" ಎಂದೆ, ತಮ್ಮನ ಪರವಾಗಿ ಏನಾದರೂ ಹೇಳಬೇಕಲ್ಲ ಎಂದು.

"ಸರ್ಕಾರ್ದರ್ ದೀಪ ಹಾಕಿ ಮೀನ್ ಹಿಡುದ್ ತಪ್ಪ್ ಅಂತ್ರ್. ಗಿರಾಕಿ ಹಿಡುಕಕ್ಕಾ?" ಎಂದರು.

ಆಮೇಲೆ ಒಳಗಿನಿಂದ ಇನ್ನೊಂದು ತಂದರು. ಇದೂ ಜೋಡಿಸಿಯೇ ಬಂದದ್ದು, ಆದರೆ ಬೇರೆ ಕಡೆಯದ್ದು. ಕಪ್ಪು ಬಣ್ಣ, ಮುಂದೆ ಜಾಲರಿ, ಮುಖಕ್ಕೆ ಕಳೆಯೇ ಇಲ್ಲ. ಕಾರ್ಡು ಗಾಜಿನದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನದ್ದು. ಅದನ್ನು ಅವರೇ ಮೊದಲು ಹೇಳಿದರು, ಮುಚ್ಚಿಡಲಿಲ್ಲ. ಆದರೆ ಇದರ ಪ್ರತಿಯೊಂದು ತುಂಡೂ ಎಲ್ಲ ಕಡೆ ಸಿಗುವ ಅಳತೆಯದ್ದು. ನನ್ನ ಕೈಗೆ ಬ್ರಷ್ ಕೊಟ್ಟು ಜಾಲರಿ ತೆಗೆಸಿದರು, ಧೂಳು ಹೊಡೆಸಿದರು, ಮತ್ತೆ ಹಾಕಿಸಿದರು. ಗಾಜಿನದ್ದನ್ನೂ ಹಾಗೇ ಮಾಡು ಎಂದರು. ನನ್ನ ಬೆರಳು ಒಳಗೆ ಹೋಗಲಿಲ್ಲ.

ನನಗೆ ಅರ್ಥವಾಗಿತ್ತು. ಆದರೆ ಮನೆಯಲ್ಲಿ ತಮ್ಮ ಹೇಳಿದ್ದ ಮಾತು ತಲೆಯಿಂದ ಹೋಗಿರಲಿಲ್ಲ. ಅಪರಿಚಿತರ ಎದುರು ಅಳುವವಳಲ್ಲ ನಾನು. ಆ ದಿನ ಅತ್ತುಬಿಟ್ಟೆ. "ಅವ ಎಂತ ಹೇಳ್ತ ಗೊತ್ತಾ ಮೇಸ್ತ್ರೇ? ನಾನೇ ಎಷ್ಟ್ ದಿನ ಇರ್ತೆ ಅಂತ ಗೊತ್ತಿಲ್ಲ, ಹತ್ತ್ ವರ್ಷ ಬಾಳುದ್ ನಂಗೆ ಎಂತಕೆ, ಇವತ್ತಿಗೆ ಚಂದ ಇದ್ರೆ ಸಾಕ್ ಅಂತ."

ಅವರು ಕಪ್ಪು ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟು ಎರಡು ಜಾಗ ತೋರಿಸಿದರು. "ಬಪ್ಪ ವರ್ಷ ಇಲ್ಲಿಗೊಂದ್ ಮೆಮೊರಿ ಹಾಕ್ಕ್. ಮೂರ್ ವರ್ಷ ಹೋದ್ ಮೇಲೆ ಈ ಕಾರ್ಡ್ ತೆಗ್ದ್ ದೊಡ್ಡದ್ ಹಾಕ್ಕ್. ನಾ ಹಾಕ್ತಿಲ್ಲೆ, ನಂಗೆ ಕಣ್ಣ್ ಕಾಂತಿಲ್ಲ. ಅವ್ನೇ ಹಾಕ್ಕ್. ಹೇಳ್ ಅವ್ನಿಗೆ."

ಬಾಳಿಕೆ ಬರುವ ಸಾಮಾನು ಎಂದರೆ ಗಟ್ಟಿ ಸಾಮಾನು ಎಂದಷ್ಟೇ ನಾನು ತಿಳಿದಿದ್ದೆ. ಮೂರು ವರ್ಷದ ನಂತರವೂ ನನ್ನ ತಮ್ಮನಿಗೆ ಮಾಡಲು ಕೆಲಸವಿದೆ ಎಂದು ಆವರೆಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವನ ಮಾತು ಮೀರಿ ಕಪ್ಪು ಪೆಟ್ಟಿಗೆಯನ್ನೇ ತಂದೆ. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟ. ಐದನೆಯ ದಿನ ಕೋಣೆಯಿಂದ ಕೇಕೆ ಕೇಳಿಸಿತು.

ಇನ್ನು ನನ್ನ ಘನಕಾರ್ಯ. ಮೊದಲ ಮಳೆಗಾಲ ಬಂತು. ಮೀನುಗಾರಿಕೆ ನಿಂತು ಬೋಟು ಮೇಲೆಳೆದಾಗ ಅಪ್ಪ ಇಂಜಿನ್ನಿಗೆ ಟಾರ್ಪಾಲು ಸುತ್ತಿ, ಹಗ್ಗ ಬಿಗಿದು, ಉಪ್ಪುಗಾಳಿ ಒಂದಿಷ್ಟೂ ತಾಗದಂತೆ ಕಟ್ಟುತ್ತಿದ್ದರು. ಅದನ್ನು ನೋಡಿ ಬೆಳೆದವಳು ನಾನು. ನೋಡಿಕೊಳ್ಳುವ ಜವಾಬ್ದಾರಿ ಬೇರೆ ನನ್ನ ತಲೆಗೆ ಕಟ್ಟಿದ್ದಾರಲ್ಲ! ಹಳೆಯ ಟಾರ್ಪಾಲಿನ ತುಂಡು ತಂದು ಮೇಜಿನಡಿಯ ಪೆಟ್ಟಿಗೆಗೆ ಹಿಂದೆ ಮುಂದೆ ಸುತ್ತಿ ಚಂದ ಮಾಡಿ ಕಟ್ಟಿದೆ. ತಮ್ಮ ಕೂತ ಕಡೆಯಿಂದ ಅದು ಕಾಣುತ್ತಿರಲಿಲ್ಲ. ಅವತ್ತಿನಿಂದ ಆಟದ ನಡುವೆ ಕಂಪ್ಯೂಟರ್ ತಾನಾಗಿ ಆರತೊಡಗಿತು. ದಿನಕ್ಕೆ ಎರಡು ಸಲ, ಮೂರು ಸಲ. "ಗಾಜಿಂದ್ ತಕಂಡಿದ್ರೆ ಹೀಂಗ್ ಆತಿತ್ತಾ? ನಿನ್ನ್ ಮೇಸ್ತ್ರಿ ನಿಂಗೆ ಟೊಪ್ಪಿ ಹಾಕಿದ್ರ್" ಎಂದು ತಮ್ಮ ಕೂಗಾಡಿದ. ಒಂದು ವಾರ ಮತ್ತೆ ಗೋಡೆಯ ಕಡೆ ತಿರುಗಿದ. ಆ ವಾರ ನಾನು ಉಂಡದ್ದು ನನಗೆ ನೆನಪಿಲ್ಲ.

ಟಾರ್ಪಾಲು ಬಿಚ್ಚಿಟ್ಟು, ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಮಡಿಲಲ್ಲಿಟ್ಟುಕೊಂಡು ಕುಂದಾಪುರಕ್ಕೆ ಹೋದೆ. ಮೇಸ್ತ್ರಿ ಇಡೀ ಬೆಳಿಗ್ಗೆ ಓಡಿಸಿದರು. ಎಂತದೂ ಆಗಲಿಲ್ಲ. ಹಿಂದಿನಿಂದ ಬರುವ ಗಾಳಿಗೆ ಮುಂಗೈ ಹಿಡಿದರು, ಮೂಸಿದರು. ಕೊನೆಗೆ, "ಮನೆಯಗೆ ಇದನ್ನ ಹ್ಯಾಂಗ್ ಇಟ್ಟಿದ್ರಿ? ಸರಿ ಹೇಳ್" ಎಂದರು. ನಾನು ಹೆಮ್ಮೆಯಿಂದಲೇ ಹೇಳಿದೆ, ಎಷ್ಟು ಬಿಗಿಯಾಗಿ ಕಟ್ಟಿದ್ದೆನೆಂದು.

ಅವರು ಕನ್ನಡಕ ತೆಗೆದು ಒರೆಸಿದರು. "ತಂಗೀ, ಅಪ್ಪ ಇಂಜಿನ್ ಮುಚ್ಚುದ್ ಅದ್ ನಿಂತ್ ಇಪ್ಪತಿಗೆ. ಓಡುವತಿಗೆ ಅಲ್ಲ."

ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ತಮ್ಮನ ಫೋನು ಬಂತು. ಮೇಸ್ತ್ರಿಯೇ ಎತ್ತಿಕೊಂಡರು. "ಹ್ವಾಯ್, ಸಿಕ್ತ್ ಮಾರಾಯ. ನಂದೇ ತಪ್ಪ್. ಒಂದ್ ವಯರ್ ಸಡ್ಲ್ ಬಿಟ್ಟಿದ್ದೆ. ವಯಸ್ಸಾಯ್ತಲ್ಲ, ಬೈಬೇಡ" ಎಂದರು. ಅತ್ತ ಕಡೆಯಿಂದ ಅವನು ಬೈದದ್ದು ನನಗೂ ಕೇಳಿಸಿತು. ತನ್ನ ಕೆಲಸದ ಬಗ್ಗೆ ಒಂದು ಮಾತು ಸಹಿಸದ ಮನುಷ್ಯ, ಕಿವಿಗೆ ಫೋನು ಹಿಡಿದು "ಹೌದ್, ಹೌದ್" ಎನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡರು. ನಿಜ ಏನೆಂದು ನಾನು ತಮ್ಮನಿಗೆ ಇವತ್ತಿಗೂ ಹೇಳಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ. ಬೈಯುವುದಿದ್ದರೆ ಈಗ ನನಗೇ ಬೈಯಲಿ.

ಆ ಬೈಗುಳದಿಂದಲೇ ಅವರಿಬ್ಬರಿಗೆ ಗಂಟು ಬಿದ್ದದ್ದು. ಮೇಸ್ತ್ರಿಗೆ ಇಂಗ್ಲಿಷ್ ಓದುವುದೆಂದರೆ ಬೇಸರ. ತಮ್ಮನಿಗೆ ಹೊತ್ತೇ ಹೊತ್ತು. ಅಂಗಡಿಗೆ ಗಿರಾಕಿ ಎರಡು ಕಂಪ್ಯೂಟರುಗಳ ಹೆಸರು ಹಿಡಿದುಕೊಂಡು ಬಂದರೆ ಅವರು ಇವನಿಗೆ ಫೋನು ಮಾಡುತ್ತಿದ್ದರು. ಇವನು ಜಗತ್ತಿನವರೆಲ್ಲ ಬರೆದದ್ದನ್ನು ಓದಿ, ಯಾವುದರ ಪವರ್ ಸಪ್ಲೈ ಬದಲಿಸಬಹುದು, ಯಾವುದರ ವಾರಂಟಿಗೆ ಪೆಟ್ಟಿಗೆಯನ್ನು ದೂರದೂರಿಗೆ ಕಳಿಸಬೇಕು, ಯಾವುದು ಎರಡು ವರ್ಷದಲ್ಲಿ ಏದುಸಿರು ಬಿಡುತ್ತದೆ ಎಂದೆಲ್ಲ ಹೇಳುತ್ತಿದ್ದ. ಒಮ್ಮೆ ಒಂದು ಪುಟ್ಟ ಡಬ್ಬಿಯಂಥ ಕಂಪ್ಯೂಟರನ್ನು ಮೇಸ್ತ್ರಿ ಕಂಡ ಕೂಡಲೇ ಹಳಿದರು. ಇವನು ಬಿಡಲಿಲ್ಲ. ಮೂರು ದಿನ ಫೋನಿನಲ್ಲೇ ವಾದ. ಕೊನೆಗೆ ಅವರು ಅದನ್ನು ಬಿಚ್ಚಿ ನೋಡಿ, ಗಿರಾಕಿಯ ಎದುರಲ್ಲೇ, "ಮಾಣಿ ಹೇಳ್ದ್ ಸರಿ. ನಂಗೆ ಗೊತ್ತಾಗ್ಲಿಲ್ಲ" ಎಂದರಂತೆ. ಅವತ್ತು ತಮ್ಮ ಎರಡು ಸಲ ಅನ್ನ ಹಾಕಿಸಿಕೊಂಡ.

ಬ್ರಹ್ಮಾವರದ ಒಬ್ಬರ ಕಥೆಯನ್ನು ಅವನು ನಗುತ್ತ ಹೇಳುತ್ತಿದ್ದ. ಮಗನಿಗೆಂದು ಗಾಜಿನ ಪೆಟ್ಟಿಗೆ ಕೇಳಲು ಬಂದಿದ್ದ ಮನುಷ್ಯ, "ಗುಡಿಸುವವರು" ಎಂಬ ಮಾತಿಗೆ ರೇಗಿ, ಕಾರು ಹತ್ತಿ ಹೊರಟೇಬಿಟ್ಟರು. ಸಾಸ್ತಾನದ ಟೋಲ್ ದಾಟುವವರೆಗೂ ಬೈಯುತ್ತಲೇ ಇದ್ದಿರಬೇಕು. ಮರುದಿನ ಅವರ ಹೆಂಡತಿ ಒಬ್ಬರೇ ಬಸ್ಸಿನಲ್ಲಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇದ್ದ ಐದೂ ಪೆಟ್ಟಿಗೆಗಳ ಹಿಂದೆ ಬೆರಳಾಡಿಸಿ, ಒಂದನ್ನು ಆರಿಸಿ, "ಮದುವೆಯಾಗಿ ಇಷ್ಟು ವರ್ಷಕ್ಕೆ ನಮ್ಮ ಮನೆಗೆ ಬರುವ ಸಾಮಾನು ನನ್ನ ಹತ್ರ ಕೇಳಿ ಕೊಟ್ಟವರು ನೀವೊಬ್ಬರೇ" ಎಂದು ಹೇಳಿ ಹೋದರು. ಆ ಮಾತಿಗೆ ಮೇಸ್ತ್ರಿ ಮತ್ತೆ ಸ್ಕ್ರೂ ಕಚ್ಚಿಕೊಂಡು ಕೂತರಂತೆ.

ಇಷ್ಟೆಲ್ಲ ಆದರೂ ಅವರಿಬ್ಬರು ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ವರ್ಷಕ್ಕೊಮ್ಮೆ ಪೆಟ್ಟಿಗೆ ಬಿಚ್ಚಿಸಿ ಒಳಗೆಲ್ಲ ಗುಡಿಸಿಕೊಂಡು ಬರಲು ನಾನು ಹೋದಾಗಲೆಲ್ಲ ಮೇಸ್ತ್ರಿ ನನ್ನ ಹಿಂದೆ ನೋಡಿ ಕೇಳುತ್ತಿದ್ದರು. "ಅವ ಬರ್ಲಿಲ್ಯಾ?" ಎರಡನೆಯ ವರ್ಷ ಹೋದಾಗ ಅಂಗಡಿ ಮಹಡಿಯಿಂದ ಕೆಳಗಿಳಿದಿತ್ತು. ಮುಂದಿನ ಜಾಗ ಬಿಟ್ಟು, ಹಿಂದಿನ ಓಣಿಯಲ್ಲಿ, ಗಿರಾಕಿಗಳು ಹುಡುಕಿಕೊಂಡು ಬರಬೇಕಾದ ಒಂದು ಕೋಣೆ. "ಗಂಟ್ ನೋವ್, ಮೆಟ್ಲ್ ಹತ್ತುಕೆ ಆತಿಲ್ಲ" ಎಂದರು. ಹಿಂದಿನ ವಾರವಷ್ಟೇ ಮನೆಯ ಮಾಡು ಹತ್ತಿ ಹೆಂಚು ಸರಿಮಾಡಿದ್ದನ್ನು ಅವರೇ ಫೋನಿನಲ್ಲಿ ಹೇಳಿದ್ದರು. ಬಾಗಿಲಲ್ಲಿ ಹೊಸಿಲು ಇರಲಿಲ್ಲ. ಇದ್ದದ್ದನ್ನು ಕೀಳಿಸಿದ ಗುರುತು ಇತ್ತು.

ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ಪರದೆಯಿಂದ ಮುಖ ತೆಗೆಯಲಿಲ್ಲ. "ಕಾಂಬ" ಎಂದ. ನಮ್ಮಲ್ಲಿ 'ಕಾಂಬ', ನೋಡೋಣ, ಎಂದರೆ ಇಲ್ಲ ಎಂದೇ ಲೆಕ್ಕ.

"ಎಂತ ಕಾಂಬ? ನಿಂಗಾಗಿ ಅಂಗಡಿನೇ ಕೆಳ್ಗೆ ತಂದ್ರಲ್ಲ!"

"ನಾ ಹೇಳಿದ್ನಾ ತರುಕೆ? ಎಲ್ಲ ಸೇರಿ ಕಾಂಬುಕೆ ನಾನೆಂತ ಪ್ರದರ್ಶನಕ್ಕಿಟ್ಟದ್ದಾ? ನಾ ಬತ್ತಿಲ್ಲೆ."

ನಾನೂ ಬಾಯಿಗೆ ಬಂದದ್ದು ಹೇಳಿದೆ. ಹೇಳಬಾರದ್ದೂ ಒಂದೆರಡು ಹೇಳಿದೆ. ಮೇಸ್ತ್ರಿಗೆ ಈ ಜಗಳ ಗೊತ್ತಾಯಿತೋ ಏನೋ, ಆಮೇಲೆ ಅವನನ್ನು ಬಾ ಎಂದು ಕರೆಯಲಿಲ್ಲ, ಕರೆಯದ ಮನೆಗೆ ತಾವೂ ಬರಲಿಲ್ಲ. ಫೋನು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ನಾನು ಗ್ರಂಥಾಲಯದ ಬಾಗಿಲು ತೆಗೆಯುತ್ತಿದ್ದೆ. ತಮ್ಮನ ಫೋನು. ಮೇಸ್ತ್ರಿಯ ನಂಬರಿನಿಂದ ಅವನಿಗೆ ಕರೆ ಬಂದಿತ್ತಂತೆ. ಮಾತಾಡಿದ್ದು ಅವರ ಹೆಂಡತಿ. ಬೆಳಗಿನ ಚಹಾ ಕುಡಿಯುತ್ತ ಕೂತಲ್ಲೇ ಹೋಗಿಬಿಟ್ಟರು, ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದ ನಂಬರ್ ನಿಮ್ಮದೇ ಎಂದು ಮಾಡಿದೆ, ಎಂದರಂತೆ. ನಾನು ತೆಗೆದ ಬೀಗವನ್ನು ಮತ್ತೆ ಹಾಕಿದೆ. ಆಮೇಲೆ ಅವನು ಹೇಳಿದ, "ಅಕ್ಕಾ, ನಂಗೆ ಅಲ್ಲಿಗೆ ಹೋಯ್ಕ್."

ನಾಲ್ಕು ವರ್ಷದಲ್ಲಿ ನಾನು ಎಷ್ಟು ಹರಕೆ ಹೊತ್ತಿದ್ದೆನೋ ಆ ಒಂದು ಮಾತಿಗೆ. ಕೇಳಿದಾಗ ಸಂತೋಷವಾಗಲಿಲ್ಲ. ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಬಂತಲ್ಲ ಎಂದು ಅವನ ಮೇಲೆ ಸಿಟ್ಟೇ ಬಂತು.

ಅವನೇ ಫೋನು ಮಾಡಿ ಬೋಟಿನ ಇಬ್ಬರು ಜೊತೆಗಾರರನ್ನು ಕರೆಸಿದ್ದ. ಇಷ್ಟು ವರ್ಷ ಬಾಗಿಲಿನಿಂದಲೇ ವಾಪಸಾದವರು, ಕರೆದ ಕೂಡಲೇ, ಸಾಮಾನು ಸಾಗಿಸುವ ರಿಕ್ಷಾ ತಂದರು. ಗಾಲಿ ಅಂಗಳದ ಹೊಯಿಗೆ ಮರಳಿನಲ್ಲಿ ಹೂತುಹೋಯಿತು. ಇಬ್ಬರೂ ಕುರ್ಚಿಯ ಸಮೇತ ಎತ್ತಿ ಇಟ್ಟು ಹಗ್ಗ ಬಿಗಿದರು. ನೆರೆಮನೆಯವರು ನೋಡುತ್ತಿದ್ದರು. ಅವನು ತಲೆ ತಗ್ಗಿಸಿಯೇ ಇದ್ದ. ಹೆದ್ದಾರಿಗೆ ಬಂದ ಮೇಲೆ ತಲೆ ಎತ್ತಿದ್ದು ನನಗೆ ಹಿಂದಿನಿಂದ ಕಂಡಿತು.

ಮೇಸ್ತ್ರಿಯ ಮನೆ ನಮ್ಮ ಪಕ್ಕದ ಊರು ಕಿರಿಮಂಜೇಶ್ವರದಲ್ಲಿ. ಜಗಲಿಯಲ್ಲಿ ಮಲಗಿಸಿದ್ದರು, ಮುಖದಲ್ಲಿ ಕನ್ನಡಕ ಇಲ್ಲದೆ ನನಗೇ ಗುರುತು ಹತ್ತಲಿಲ್ಲ. ಕುರ್ಚಿಯನ್ನು ಹತ್ತಿರ ತಂದು ನಿಲ್ಲಿಸಿದೆವು. ಅವರ ಹೆಂಡತಿ ಎದ್ದು ಬಂದು, "ನೀವೇ ಅಲ್ದಾ ನಾವುಂದದ ಮಾಣಿ? ಇವ್ರ್ ದಿನಾ ನಿಮ್ಮ್ ಸುದ್ದಿನೇ ಹೇಳ್ತಿದ್ರ್" ಎಂದರು. ತಮ್ಮ ಬಗ್ಗಿ ಮೇಸ್ತ್ರಿಯ ಪಾದ ಮುಟ್ಟಲು ಹೋದ. ಕೈ ಎಟುಕಲಿಲ್ಲ. ನಾನು ಹಿಡಿಯಲು ಹೋದರೆ ಬೇಡವೆಂದ. ಕುರ್ಚಿಯ ಅಂಚಿಗೆ ಜಾರಿ, ಒಂದು ಕೈ ಊರಿ, ಮುಟ್ಟಿಯೇ ಮುಟ್ಟಿದ. ಆ ಪಾದದಿಂದ ಕೈ ತೆಗೆಯಲು ಅವನಿಗೆ ತುಂಬ ಹೊತ್ತು ಬೇಕಾಯಿತು. ಅವನು ಅಳುವುದನ್ನು ಅಲ್ಲಿದ್ದವರೆಲ್ಲ ಕಂಡರು. ಅವನು ಮುಖ ಮುಚ್ಚಿಕೊಳ್ಳಲಿಲ್ಲ.

ವಾಪಸು ಮನೆಗೆ ಬಂದೆವು. ಕುರ್ಚಿಯನ್ನು ಅಂಗಳದಲ್ಲಿ ಇಳಿಸಿ ಜೊತೆಗಾರರು ನಾಳೆ ಬರುತ್ತೇವೆಂದು ಹೋದರು. ಬನ್ನಿ ಎಂದ. ನಾನು ಕುರ್ಚಿಯನ್ನು ಒಳಗೆ ತಳ್ಳಲು ಹಿಡಿದೆ.

"ಅಕ್ಕಾ," ಎಂದ, "ಅವ್ರ್ ಮನೆಗೆ ಹೋಪುಕೆ ಹತ್ತ್ ನಿಮಿಷವೂ ಆಗ್ಲಿಲ್ಲ ಅಲ್ದಾ?"

"ಇಲ್ಲ" ಎಂದೆ.

"ಹತ್ತ್ ನಿಮಿಷ" ಎಂದ ಮತ್ತೆ. ಆಮೇಲೆ ನನ್ನ ಕೈಯನ್ನು ಕುರ್ಚಿಯಿಂದ ಬಿಡಿಸಿ, "ಒಳ್ಗೆ ಈಗ ಬ್ಯಾಡ. ನೀ ಹೋಗ್. ನಾ ಇಲ್ಲೇ ಇರ್ತೆ" ಎಂದ.